ಹುಡುಗಿ ಹೆಂಗದಾಳ್ರಿ?

ಸಿಟ್ಟು ಬಂದಾಗ ನಾನು ತಕ್ಕಡಿ ಒರೆಸುತ್ತೇನೆ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಬೀಜದ ಅಂಗಡಿ. ಗಿರಾಕಿಗಳ ಮುಂದೆ ಕೂಗಾಡುವಂತಿಲ್ಲ, ಅದಕ್ಕೇ ಈ ಅಭ್ಯಾಸ. ಈಚೆಗೆ ತಕ್ಕಡಿ ಎಷ್ಟು ಹೊಳೆಯುತ್ತಿದೆಯೆಂದರೆ, ಹೊಸದು ತಂದಿರೇನ್ರಿ ಎಂದು ಬಂದವರೆಲ್ಲ ಕೇಳುತ್ತಾರೆ. ಒರೆಸಿ ಒರೆಸಿ ಕೈ ನೋವು ಬಂತೇ ಹೊರತು ಸಿಟ್ಟು ಇಳಿಯಲಿಲ್ಲ. ಆದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ಸಿಟ್ಟು ಬಂದದ್ದು ವಿಶ್ವವಿದ್ಯಾಲಯದ ಮೇಲೆ. ನನ್ನ ಮಗಳು ಗೌರಿ ಅಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಮುಖ್ಯ ವಿಷಯದ ಪಕ್ಕದಲ್ಲಿ ಇನ್ನೊಂದನ್ನು ಸಣ್ಣಗೆ ಓದಬೇಕಂತೆ, ಅದಕ್ಕೆ ಮೈನರ್ ಎನ್ನುತ್ತಾರೆ. ಗೆಳತಿಯರು ಸಂಗೀತ, ಮನಶ್ಶಾಸ್ತ್ರ ಎಂದು ಹಿಡಿದರೆ ಇವಳು ಹಿಡಿದದ್ದು ‘ಗುಪ್ತಚರ ವಿದ್ಯೆ ಮತ್ತು ರಾಷ್ಟ್ರೀಯ ಭದ್ರತೆ’. ಮಾಹಿತಿ ಹೇಗೆ ಕೂಡಿಸಬೇಕು, ತಂದವನನ್ನು ಎಷ್ಟು ನಂಬಬೇಕು, ಗಾಳಿಸುದ್ದಿಯನ್ನು ಹೇಗೆ ಸೋಸಬೇಕು, ಇವು ಅಲ್ಲಿನ ಪಾಠಗಳು. ಇದನ್ನು ಕಲಿಯಲು ಶುಲ್ಕ ಕಟ್ಟಿ ಅಷ್ಟು ದೂರ ಹೋಗಬೇಕೆ? ಮನೆಯಲ್ಲಿ ನಾನಿರಲಿಲ್ಲವೆ?

ಜಂಬವಲ್ಲ. ಹಿಂದಿನ ರಾಜರು ಸನ್ಯಾಸಿಗಳ, ವ್ಯಾಪಾರಿಗಳ ವೇಷದಲ್ಲಿ ಗೂಢಚಾರರನ್ನು ಊರೂರಿಗೆ ಬಿಡುತ್ತಿದ್ದರಂತೆ. ನನಗೆ ವೇಷದ ಖರ್ಚೂ ಇರಲಿಲ್ಲ, ಹುಟ್ಟಾ ವ್ಯಾಪಾರಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಅತ್ತ ಹಡಗಲಿ, ಹಗರಿಬೊಮ್ಮನಹಳ್ಳಿಯ ಕಡೆಗೂ, ನಮ್ಮ ಬಳಗದಲ್ಲಿ ಯಾವ ಸಂಬಂಧ ಕೂಡಬೇಕಾದರೂ ಮೊದಲು ‘ವಿಚಾರ ಮಾಡ್ಕೊಂಡು ಬಾ’ ಎಂದು ಕಳಿಸುತ್ತಿದ್ದುದು ನನ್ನನ್ನೇ. ಮೂವತ್ತು ವರ್ಷದ ಅನುಭವ. ಇದಕ್ಕೊಂದು ಕ್ರಮವಿದೆ. ಆ ಮನೆಯ ಹತ್ತಿರ ಸುಳಿಯಬಾರದು. ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಟೈಲರ್ ಅಂಗಡಿ, ಇಲ್ಲಿ ಕೂರಬೇಕು. ಒಂದು ಪ್ಲೇಟು ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಮೆಕ್ಕೆಜೋಳದ ಮಾತು ತೆಗೆಯಬೇಕು. ಅರ್ಧ ತಾಸು ಬಿಟ್ಟು, ಏನೋ ನೆನಪಾದವರ ಹಾಗೆ, ‘ಅಂದಂಗ ಆ ಮನಿ ಹುಡುಗಿ ಹೆಂಗದಾಳ್ರಿ?’ ಎನ್ನಬೇಕು. ಹೀಗೇ ಒಮ್ಮೆ ಬಾಗಳಿಯ ಗಿರಣಿಯಲ್ಲಿ ಅರ್ಧ ದಿನ ಕೂತು, ಅಲ್ಲಿನ ಒಬ್ಬ ಹುಡುಗಿ ಬಹಳ ಜೋರಾಗಿ ನಗುತ್ತಾಳೆ ಎಂಬ ಸುದ್ದಿ ತಂದಿದ್ದೆ. ಆ ಸಂಬಂಧ ಅಲ್ಲಿಗೇ ಮುರಿಯಿತು. ನನ್ನನ್ನು ಕಳಿಸಿದ್ದ ಹುಡುಗನ ಕಡೆಯವರು ನನಗೆ ಶಾಲು ಹೊದಿಸುವುದೊಂದು ಬಾಕಿ. ಬಹಳ ದಿನ ನಾನದನ್ನು ಮದುವೆಯ ಪಂಕ್ತಿಗಳಲ್ಲಿ ಹೇಳಿಕೊಂಡು ತಿರುಗಿದೆ.

ಮೊನ್ನೆ ರಜೆಯಲ್ಲಿ ಗೌರಿ ಊರಿಗೆ ಬಂದಿದ್ದಳು. ಅಂಗಡಿಯ ಒಳಗೆ ಶೇಂಗಾ ಬೀಜದ ಚೀಲಗಳ ಪಕ್ಕ ಕೂತು ಏನೋ ಬರೆಯುತ್ತಿದ್ದಳು. ‘ಮಾಹಿತಿ ಸಂಗ್ರಹದ ಒಂದು ಪ್ರಸಂಗವನ್ನು ಕಣ್ಣಾರೆ ಕಂಡು ಅದರ ದೋಷಗಳನ್ನು ಬರೆಯಿರಿ’ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ನಮ್ಮೂರಲ್ಲಿ ಅಂಥದ್ದೇನು ಸಿಗುತ್ತದೆ ಎಂದು ನಾನು ನಕ್ಕೆ. ಅವಳಿಗೆ ತಿಳಿಸದೆ ಒಂದು ಕೆಲಸ ನಡೆಸಿದ್ದೆ: ತಂಬ್ರಹಳ್ಳಿಯ ಒಂದು ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಸೋಮವಾರ ಅಲ್ಲಿಗೆ ಹೋಗಿ ಗಿರಣಿಯಲ್ಲಿ ಕೂರುವವನಿದ್ದೆ. ಆ ದಿನ ಅಂಗಡಿ ಮುಚ್ಚಿರುತ್ತದೆ ಎಂದಷ್ಟೇ ಅವಳಿಗೆ ಹೇಳಿದ್ದೆ.

ಅಷ್ಟರಲ್ಲಿ ತಲೆಗೆ ಬಿಳಿ ಪಟಕಾ ಸುತ್ತಿದ ಹಿರಿಯರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಮೆಕ್ಕೆಜೋಳದ ಮಾತು ತೆಗೆದರು. ಬಾಯಾರಿಕೆ ಎಂದಾಗ ಗೌರಿ ಎದ್ದು ಬಂದು ನೀರು ಕೊಟ್ಟಳು. ಅವಳ ಮುಖ ಸಹ ನೋಡದೆ ಕುಡಿದರು; ಅವಳು ಚೀಲದ ಪಕ್ಕಕ್ಕೆ ಮರಳಿದಳು. ಆಮೇಲೆ, ಏನೋ ನೆನಪಾದವರ ಹಾಗೆ, ಪೇಟೆಯ ಆ ತುದಿಯ ಬೇವಿನ ಮರದ ಮನೆಯನ್ನು ಹೆಸರಿಸಿ, "ಸಾವ್ಕಾರ್ರ, ಆ ಮನಿ ಹುಡುಗಿ ಹೆಂಗದಾಳ್ರಿ?" ಎಂದರು.

ಅದು ನನ್ನ ಮನೆ; ತಂಬ್ರಹಳ್ಳಿಯವರೂ ನನ್ನಂಥವರೊಬ್ಬರನ್ನು ಕಳಿಸಿದ್ದರು. ಮನೆಯ ಹತ್ತಿರ ಸುಳಿಯಬಾರದೆಂಬ ನಿಯಮ ಪಾಲಿಸಲು ಹೋಗಿ ಮನುಷ್ಯ ನೇರ ಹುಡುಗಿಯ ತಂದೆಯ ಅಂಗಡಿಗೇ ಬಂದಿದ್ದ! ನಾನೇ ಆ ತಂದೆ ಎಂದು ಅಲ್ಲೇ ಹೇಳಿದ್ದರೆ ಮುಗಿಯುತ್ತಿತ್ತು. ಹಳೇ ಚಾಳಿ, ಬಾಯಿ ಬಿಡದೆ "ಯಾಕ್ರಿ?" ಎಂದೆ.

"ಟೈಲರ್ ಹೇಳಿದ, ಪೊಲೀಸ್ರ ಸಿಐಡಿ ಕೆಲಸ ಕಲೀತಾಳಂತ. ನಾಳೆ ಗಂಡನ ಮನಿಯಾಗ ಕುಂತು ನಮ್ಮನ್ನ ಪತ್ತಿ ಹಚ್ಚಾಕಿ ಏನು? ಫೋನಿನ್ಯಾಗ ತಾಸಗಟ್ಟಲೆ ಮಾತಾಡತಾಳಂತ. ಮತ್ತ, ಬಾಳ ನಗತಾಳಂತ್ರಿ."

ಮೈಯೆಲ್ಲ ಉರಿಯಿತು. ಯಾರಿವನು, ನನ್ನ ಮಗಳ ನಗು ಅಳೆಯಲು? ಆ ಟೈಲರಿಗೆ ನಾಲಿಗೆಯೋ ಕತ್ತರಿಯೋ? "ಎದ್ದು ಹೋಗ್ರಿ ಮೊದಲು! ಅದು ನನ್ನ ಮಗಳು!" ಎಂದು ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಹಿರಿಯರು ಪಟಕಾ ಸರಿಪಡಿಸಿಕೊಳ್ಳುತ್ತ ಬಸ್ ನಿಲ್ದಾಣದ ಕಡೆಗೆ ನಡೆದರು, ಓಡುವುದೊಂದು ಬಾಕಿ. ನಾನು ತಕ್ಕಡಿ ಹಿಡಿದೆ.

ಗೌರಿ ಚೀಲದ ಪಕ್ಕದಿಂದ ಏಳಲಿಲ್ಲ. ಕೂತಲ್ಲಿಂದಲೇ ಕೇಳಿದಳು, "ಅಪ್ಪಾ, ಸೋಮವಾರ ನೀನು ಎಲ್ಲಿಗೆ ಹೊಂಟಿದ್ದಿ?"

ನಾನು ತಕ್ಕಡಿಯ ಇನ್ನೊಂದು ತಟ್ಟೆ ಒರೆಸತೊಡಗಿದೆ.

"ಅವ್ರು ಮಾಡಿದ್ದಕ್ಕ ಸಿಟ್ಟು ಬಂತು. ನೀನೂ ಅದನ್ನ ಮಾಡಾಂವ ಇದ್ದಿ, ಅದಕ್ಕ ಬರಲಿಲ್ಲೇನು?" ಎಂದು ನೋಟ್‌ಬುಕ್ಕನ್ನು ಮುಂದೆ ಸರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಅಕ್ಷರ ಮಾತ್ರ ದುಂಡಗಿತ್ತು. ಬರೆದದ್ದು ಇಷ್ಟು: ‘ಮಾಹಿತಿ ಕೊಟ್ಟವರು: ಟೈಲರ್, ಇನ್ನೂ ಕೆಲವರು. ಯಾರ ಬಗ್ಗೆ ಮಾಹಿತಿ ಬೇಕಿತ್ತೋ ಆ ವ್ಯಕ್ತಿ ಮೂರು ಮೊಳ ದೂರದಲ್ಲಿದ್ದು, ನೀರು ಸಹ ಕೊಟ್ಟಳು. ಅವಳನ್ನು ಎರಡೂ ಕಡೆಯವರು ಏನೂ ಕೇಳಲಿಲ್ಲ.’

‘ಎರಡೂ ಕಡೆಯವರು’ ಎಂಬಲ್ಲಿ ನನ್ನ ಸಿಟ್ಟು ವಿಶ್ವವಿದ್ಯಾಲಯ ಬಿಟ್ಟಿತು, ಹಿರಿಯರನ್ನು ಬಿಟ್ಟಿತು, ಟೈಲರನ್ನೂ ಬಿಟ್ಟು ಸೀದಾ ನನ್ನ ಮೇಲೆ ಬಂದು ಕೂತಿತು. ಇನ್ನೂ ಇಳಿದಿಲ್ಲ. ಬಾಗಳಿಯ ಆ ಹುಡುಗಿ ಈಗ ಎಲ್ಲಿದ್ದಾಳೋ, ಆಮೇಲೆ ನಕ್ಕಳೋ ಇಲ್ಲವೋ ಗೊತ್ತಿಲ್ಲ. ವಿಚಾರಿಸಲು ಯಾವ ಮುಖ ಇಟ್ಟುಕೊಂಡು ಹೋಗಲಿ?

"ನಿನಗೇನು ಬೇಕವ್ವಾ?" ಎಂದೆ. ಇಷ್ಟು ಕೇಳಲು ಅರ್ಧ ದಿನ ಹಿಡಿಯಿತು. ಅವಳು, "ಓದು ಮುಗೀಲಿ. ಆಮ್ಯಾಲ ನಾನ ಹೇಳ್ತೀನಿ. ಯಾರನ್ನೂ ಎಲ್ಲಿಗೂ ಕಳಸಬ್ಯಾಡ" ಎಂದಳು. ಅದಕ್ಕೆ ಕಾಲು ನಿಮಿಷವೂ ಬೇಕಾಗಲಿಲ್ಲ. ಸೋಮವಾರ ನಾನು ತಂಬ್ರಹಳ್ಳಿಗೆ ಹೋಗಲಿಲ್ಲ.

ನಿನ್ನೆ ಕೊಡೆ ಹಿಡಿದ ಒಬ್ಬರು ಬಂದು ಕೂತರು. ಮೆಕ್ಕೆಜೋಳ ಆಯಿತು, ಮಳೆ ಆಯಿತು. ಕೊನೆಗೆ ಅದೇ ಟೈಲರ್ ಮಗಳ ಹೆಸರೆತ್ತಿ, "ಹುಡುಗಿ ಹೆಂಗದಾಳ್ರಿ?" ಎಂದರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ, ಚಾಡಿಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, "ಮನಿಯಾಗ ಅದಾಳ. ಅಗೋ ಆ ನೀಲಿ ಬಾಗಲ. ಅಕಿನ್ನ ಕೇಳ್ರಿ" ಎಂದೆ.

ನಾನೇನೋ ಬೈದೆನೆಂಬಂತೆ ಅವರು ನನ್ನನ್ನು ನೋಡಿದರು. ಕೊಡೆ ಎತ್ತಿಕೊಂಡು ಪಕ್ಕದ ಗೊಬ್ಬರದಂಗಡಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ತಗ್ಗಿದ ದನಿ ಕೇಳಿಸಿತು:

"ಅಂದಂಗ, ಆ ಬೀಜದಂಗಡಿಯವ ಮನುಷ್ಯ ಹೆಂಗದಾನ್ರಿ?"