ಒಗೆಯದೆ ಇಟ್ಟಿದ್ದ ಜರ್ಸಿ

ಮೊನ್ನೆ ಜೆರಾರ್ಡ್ ಬಜಾರಿನ ನಮ್ಮ ದೇಶದವರ ಅಂಗಡಿಯಲ್ಲಿ ಹೆಸರುಬೇಳೆ ಹುಡುಕುತ್ತಿದ್ದಾಗ ಕೆಳಗಿನ ಹಲಗೆಯಲ್ಲಿ ಬಟ್ಟೆ ಒಗೆಯುವ ಬಾರ್ ಸೋಪು ಕಂಡಿತು. ಸುಮ್ಮನೆ ಎತ್ತಿಕೊಂಡು ಮೂಸಿದೆ. ಅಷ್ಟೇ, ನಿಂತಲ್ಲೇ ಕಣ್ಣು ತುಂಬಿ ಬಂತು. ಹಿಂದಿದ್ದ ಹೆಂಗಸು ನನ್ನ ಪಕ್ಕದಿಂದ ಸರಿದು ಮುಂದೆ ಹೋದಳು. ಸೋಪು ಮೂಸಿ ಅಳುವವಳನ್ನು ಆಕೆಯಾದರೂ ಎಲ್ಲಿ ನೋಡಿರಬೇಕು...

2016ರಲ್ಲಿ ಓದಲೆಂದು ಧಾರವಾಡದಿಂದ ಈ ಪರದೇಶಕ್ಕೆ ಬಂದವಳು ನಾನು. ಸ್ಕಾರ್‌ಬರೋದ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೇಲೆ ಮನೆಯೊಡತಿ ಇದ್ದಳು, ಬ್ರೆಜಿಲ್ ದೇಶದ ಮುದುಕಿ. ಆಕೆಯ ಮಗಳು ಹತ್ತಿರದ ಮಾರ್ಕಮ್‌ನಲ್ಲಿ. ನಮ್ಮ ಕಡೆ ಅಜ್ಜಿಯನ್ನು ಆಯಿ ಅನ್ನುತ್ತೇವೆ ಎಂದು ನಾನು ಹೇಳಿದ ಮೇಲೆ ಆಕೆ ಬೇರೆ ಯಾವ ಹೆಸರಿಗೂ ಓಗೊಡಲಿಲ್ಲ.

ವಾಷಿಂಗ್ ಮೆಷಿನ್ನು ನನ್ನ ಕೋಣೆಯ ಹೊರಗಿತ್ತು. ಆಯಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. ನನ್ನ ಬಟ್ಟೆಗಳ ಕಾಲರು ತಿರುವಿ ನೋಡಿ, ಮೂಗು ಮುರಿದು, ಪಕ್ಕದ ಸಿಂಕಿನಲ್ಲಿ ಕೈಯಿಂದ ಉಜ್ಜಲು ಹಚ್ಚುತ್ತಿದ್ದಳು. ಹಾಗೆ ಮಾಡುವ ಅಧಿಕಾರ ಆಕೆಗಿತ್ತು. ತನ್ನೂರಿನ ಫುಟ್‌ಬಾಲ್ ಕ್ಲಬ್ಬಿನ ಜರ್ಸಿಗಳನ್ನು ಮೂವತ್ತು ವರ್ಷ ಒಗೆದವಳು ಆಕೆ.

ಆ ಕ್ಲಬ್ಬಿನ ಚರಿತ್ರೆಯನ್ನು ನಾನು ಕೇಳಿದ್ದು ಆ ಸಿಂಕಿನ ಮುಂದೆಯೇ. ರೈಲ್ವೆ ವರ್ಕ್‌ಶಾಪಿನ ಕೆಲಸಗಾರರು ಕಟ್ಟಿದ ಕ್ಲಬ್ಬಂತೆ. ಮೊದಲ ಜರ್ಸಿಗಳನ್ನು ಹಿಟ್ಟಿನ ಚೀಲ ಬಿಚ್ಚಿ ಆಯಿಯ ತಾಯಿಯೇ ಹೊಲಿದಿದ್ದಳು. ಊರಿನ ಅಂಗಡಿಯಲ್ಲಿ ಹಸಿರು ಬಣ್ಣ ಮಾತ್ರ ಸಿಕ್ಕಿದ್ದರಿಂದ ತಂಡದ ಬಣ್ಣ ಹಸಿರಾಯಿತು. ದೊಡ್ಡ ನಗರದ ತಂಡವನ್ನು ಸೋಲಿಸಿದ ವರ್ಷ ಒಂಬತ್ತನೇ ನಂಬರಿನವನ ಎಡತೋಳು ಪ್ರತಿ ಆಟದಲ್ಲೂ ಹರಿದು ಬರುತ್ತಿತ್ತು. ಎದುರಾಳಿಗಳು ಅಲ್ಲೇ ಹಿಡಿದೆಳೆಯುತ್ತಿದ್ದರು. ಎಷ್ಟು ಗೋಲು ಹೊಡೆದರೆಂದು ಆಕೆಗೆ ನೆನಪಿರಲಿಲ್ಲ, ತೋಳಿಗೆ ಯಾವ ದಾರ ಹಾಕಿದ್ದೆನೆಂಬುದು ನೆನಪಿತ್ತು. ಹೆದರಿಕೆಗೆ ಕಾಲರು ಕಚ್ಚುತ್ತಿದ್ದವರು ಯಾರೆಂಬುದೂ ಗೊತ್ತಿತ್ತು. ಕೊನೆಯ ಪಂದ್ಯದ ಕಥೆ ಕೇಳಿದರೆ ಮಾತ್ರ ಇನ್ನೊಮ್ಮೆ ಹೇಳುತ್ತೇನೆ ಅನ್ನುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಹೋಗುವುದೆಲ್ಲಿಗೆ, ಇಲ್ಲೇ ಇರುತ್ತಾಳಲ್ಲ ಅಂದುಕೊಂಡೆ...

2018ರ ಜನವರಿಯಲ್ಲಿ ಆಯಿ ಬಾಗಿಲ ಮುಂದಿನ ಐಸಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಗೆ ಸ್ವೆಟರು ಬೇಕೆಂದು ಮಗಳು ಫೋನ್ ಮಾಡಿದಾಗ ನಾನು ಮೇಲೆ ಹೋಗಿ ಡ್ರಾಯರು ಎಳೆದೆ. ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹಸಿರು ಜರ್ಸಿ. ಎಂಟನೇ ನಂಬರು. ಎದೆಯಿಂದ ಹೊಟ್ಟೆಯವರೆಗೆ ಕೆಂಪು ಮಣ್ಣು ಮೆತ್ತಿ, ಒಣಗಿ, ಹಪ್ಪಳದಂತೆ ಗಟ್ಟಿಯಾಗಿತ್ತು. ಅಯ್ಯೋ ಪಾಪ ಅನಿಸಿತು. ಜೀವಮಾನವಿಡೀ ಒಗೆದವಳಿಗೆ ಇದೊಂದು ಕೈತಪ್ಪಿ ಉಳಿದುಬಿಟ್ಟಿದೆ, ಆಕೆ ಬರುವುದರೊಳಗೆ ಒಗೆದಿಟ್ಟು ಖುಷಿಪಡಿಸೋಣ ಅಂದುಕೊಂಡೆ. ಇಂಥ ಬುದ್ಧಿ ನನಗಲ್ಲದೆ ಇನ್ಯಾರಿಗೆ ಬರಬೇಕು.

ಊರಿಗೆ ಫೋನ್ ಹಚ್ಚಿ ಅವ್ವನನ್ನು ಕೇಳಿದೆ.

"ಕೆಂಪು ಮಣ್ಣಿನ ಕಲಿ ಬಿಸಿನೀರಾಗ ಹೋಗಂಗಿಲ್ಲವಾ, ಗಟ್ಟಿ ಕುಂದರತೈತಿ. ತಣ್ಣೀರಾಗ ಉಪ್ಪು ಹಾಕಿ ಒಂದಿನಾ ನೆನಿಯಾಕ ಬಿಡು. ಆಮ್ಯಾಲೆ ಬಾರ್ ಸೋಪ್ ಹಚ್ಚಿ ತಿಕ್ಕು."

ಬಸ್ಸು ಹಿಡಿದು ಜೆರಾರ್ಡಿಗೆ ಹೋಗಿ ಇದೇ ಸೋಪು ತಂದೆ. ಮೂರು ಸಲ ನೀರು ಬದಲಿಸಿದೆ. ಬಕೆಟ್ಟಿನ ಕೆಂಪು ನೀರನ್ನು ಮೋರಿಗೆ ಸುರಿಯುವಾಗಲೆಲ್ಲ ನನ್ನ ಕೈಕೆಲಸಕ್ಕೆ ನಾನೇ ಬೀಗಿದ್ದೆ.

ಆಯಿ ವಾಕರ್ ಹಿಡಿದು ಮನೆಗೆ ಬಂದಳು. ಮಗಳು ಔಷಧಿ ತರಲು ಹೋಗಿದ್ದಳು. ಮಂಚದ ಮೇಲೆ ಮಡಚಿಟ್ಟಿದ್ದ ಜರ್ಸಿಯನ್ನು ಆಯಿ ಬಿಚ್ಚಿದಳು. ಎದೆಯ ಭಾಗ ಸವರಿದಳು, ಕಾಲರು ತಿರುವಿದಳು, ಹೊಲಿಗೆಯ ಸಂದಿಗಳಲ್ಲಿ ಉಗುರು ಆಡಿಸಿದಳು. ನನ್ನ ಒಗೆತ ಪರೀಕ್ಷಿಸುತ್ತಿದ್ದಾಳೆ ಅಂದುಕೊಂಡು ಹೊಗಳಿಕೆಗೆ ಕಾಯುತ್ತ ನಿಂತಿದ್ದೆ.

"ಸಂದಿಯಲ್ಲೂ ಒಂದು ಕಣ ಬಿಟ್ಟಿಲ್ಲ ನೀನು," ಎಂದಳು ತನ್ನ ನಿಧಾನದ ಇಂಗ್ಲಿಷಿನಲ್ಲಿ. ಆಮೇಲೆ ನನ್ನ ತಲೆ ಸವರಿ, "ಚೆನ್ನಾಗಿ ಕಲಿತಿದ್ದೀ," ಎಂದಳು.

ಏಪ್ರಿಲಿನಲ್ಲಿ ಆಯಿ ತೀರಿಕೊಂಡಳು. ಶವಪೆಟ್ಟಿಗೆಯಲ್ಲಿ ಆಕೆಯ ಕೈಗಳ ಕೆಳಗೆ ಆ ಜರ್ಸಿ ಇಟ್ಟಿದ್ದರು. ಪಕ್ಕದಲ್ಲಿ ನಿಂತಿದ್ದ ಮಗಳು ಕೊನೆಯ ಪಂದ್ಯದ ಕಥೆಯನ್ನು ಅಲ್ಲಿ ಹೇಳಿದಳು. ಮಳೆಯಲ್ಲಿ ಆಡಿದ ಪಂದ್ಯವಂತೆ. ಮರುವಾರವೇ ಮೈದಾನ ಮಾರಾಟವಾಗಿ ಅದರ ಮೇಲೆ ಕಾಂಕ್ರೀಟು ಬಿತ್ತು, ಕ್ಲಬ್ಬೂ ಮುಗಿಯಿತು. ಆಯಿ ಹನ್ನೊಂದು ಜರ್ಸಿಗಳಲ್ಲಿ ಹತ್ತನ್ನು ಒಗೆದು ಒಂದನ್ನು ಹಾಗೇ ಎತ್ತಿಟ್ಟುಕೊಂಡಳು. ತಾನು ಹೋಗುವಾಗ ಆ ಮೈದಾನದ ಮಣ್ಣು ಜೊತೆಗೆ ಬರಲಿ ಎಂದು.

"ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ತಾನೇ ಅದನ್ನು ಒಗೆದುಬಿಟ್ಟಳಂತೆ," ಎಂದಳು ಮಗಳು. "ಯಾಕೆ ಅಂತ ಕೇಳಿದೆ. ಕೆಲಸ ಬಾಕಿ ಇಟ್ಟು ಹೋಗಬಾರದು ಅಂದಳು."

ವಾಕರ್ ಬಿಟ್ಟು ಎರಡು ಹೆಜ್ಜೆ ಇಡಲಾರದವಳು ಮೆಟ್ಟಿಲಿಳಿದು ಸಿಂಕಿನವರೆಗೆ ಹೇಗೆ ಬಂದಾಳು? ಮಗಳಿಗೆ ಅದು ಹೊಳೆದಿರಲಿಲ್ಲ. ಒಗೆದದ್ದು ನಾನು ಎಂದು ಹೇಳುವ ಬದಲು ಮಗಳ ಕೈ ಹಿಡಿದುಕೊಂಡೆ. ಉಗುರು ಆಡಿಸುತ್ತ ಆಯಿ ಹುಡುಕುತ್ತಿದ್ದದ್ದು ಏನನ್ನು ಎಂದು ತಿಳಿದದ್ದು ಆ ಗಳಿಗೆಯಲ್ಲೇ...

ಆ ಮನೆ ಈಗ ಬೇರೆಯವರದು. ಮಗಳು ಪ್ರತಿ ಕ್ರಿಸ್‌ಮಸ್ಸಿಗೆ ಮೆಸೇಜು ಕಳಿಸಿ, ಅಮ್ಮನನ್ನು ಅಷ್ಟು ಚೆನ್ನಾಗಿ ನೋಡಿಕೊಂಡೆಯಲ್ಲ ಎಂದು ಥ್ಯಾಂಕ್ಸ್ ಹೇಳುತ್ತಾಳೆ. ನಾನು ಒಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ. ಮೊನ್ನೆ ಸೋಪನ್ನು ಹಲಗೆಯ ಮೇಲಿಟ್ಟು ಬರಿಗೈಯಲ್ಲಿ ಮನೆಗೆ ಬಂದು ಇದನ್ನು ಬರೆಯಲು ಕೂತೆ. ಧೈರ್ಯ ಬಂತೆಂದಲ್ಲ. ಆಯಿಯ ಮಗಳಿಗೆ ಕನ್ನಡ ಓದಲು ಬರುವುದಿಲ್ಲ.