ವೈನಿ ಆರಿಸಿದ ಗೇರು

ನಮ್ಮ ವೈನಿಯ ಹಸಿರು ಬಳೆಗಳು ಸದಾ ಮೊಣಕೈಯ ಹತ್ತಿರವೇ ಇರುತ್ತಿದ್ದವು. ಎಂಜಿನ್ನಿಗೆ ತಗುಲಿ ಒಡೆಯದಿರಲೆಂದು ಅವನ್ನು ಮೇಲಕ್ಕೆ ಸರಿಸಿ, ಹಳೆಯ ಸೀರೆಯ ಚಿಂದಿಯಿಂದ ಬಿಗಿದುಕೊಳ್ಳುತ್ತಿದ್ದಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಉಳಿಯುತ್ತಿತ್ತು. ಅದೇ ಕೈಯಿಂದ ಬಡಿದ ರೊಟ್ಟಿ ನನ್ನ ರೊಟ್ಟಿಗಿಂತ ತೆಳ್ಳಗೆ. ಅದೂ ನನ್ನ ಹೊಟ್ಟೆ ಉರಿಸುತ್ತಿತ್ತು.

ಅವಳು ನನ್ನ ಅಣ್ಣನ ಹೆಂಡತಿ, ಸವಣೂರಿನವಳು. ತವರಿನವರದು ಹಿಟ್ಟಿನ ಗಿರಣಿ. ಎಂಜಿನ್ನು, ಪಟ್ಟಾ, ಗಾಲಿಗಳ ನಡುವೆ ಬೆಳೆದಿದ್ದಳು. ಅವಳು ಹಾನಗಲ್ಲಿನ ನಮ್ಮ ಮನೆಗೆ ಬರುವ ಮುಂಚೆಯೇ ಅಣ್ಣ ಬೆಳಗಾವಿಯ ದಂಡಿನ ಸಾಹೇಬನೊಬ್ಬನಿಂದ ಓಟದ ಕಾರೊಂದನ್ನು ಕೊಂಡು ತಂದಿದ್ದ. ಮೇಲೆ ಚಾವಣಿಯಿಲ್ಲ, ಕೂರಲು ಎರಡೇ ಜಾಗ. ಒಂದು ಅಣ್ಣನದು, ಇನ್ನೊಂದು ನನ್ನದು. ಸಂಜೆ ಧರ್ಮಾ ಹೊಳೆಯವರೆಗೆ ಹೋಗಿ ಬರುತ್ತಿದ್ದೆವು. ಮದುವೆಯಾದದ್ದೇ ತಡ, ನನ್ನ ಜಾಗ ಹೋಯಿತು.

“ನಾ ಎಲ್ಲಿ ಕುಂದ್ರಲೋ ಅಣ್ಣಾ?” ಎಂದು ಕೇಳಿದೆ.

“ಮನ್ಯಾಗ ಕುಂದ್ರು,” ಎಂದು ನಕ್ಕು ಹೋದ.

ಶಿಗ್ಗಾಂವದ ಕಾಳಿನ ವ್ಯಾಪಾರಿಯ ಮಗನೊಬ್ಬ ಅಣ್ಣನ ಗೆಳೆಯ. ಅವನ ಬಳಿಯೂ ಅಂಥದೇ ಕಾರು. ಶಿಗ್ಗಾಂವದಿಂದ ಹಾನಗಲ್ಲಿಗೆ ಯಾರು ಮೊದಲು ಮುಟ್ಟುತ್ತಾರೆಂದು ಇಬ್ಬರಲ್ಲೂ ಪಂಥ ಬಿತ್ತು. ಹುಬ್ಬಳ್ಳಿಯ ಮಿಸ್ತ್ರಿ ನಮ್ಮ ಅಂಗಳದಲ್ಲಿ ಗೇರಿನ ಎರಡು ಜೋಡಿ ಹಲ್ಲುಚಕ್ರಗಳನ್ನು ತಂದಿಟ್ಟ. ಒಂದನ್ನು ಹಿಂದಿನ ಅಚ್ಚಿಗೆ ಹಾಕಿದರೆ ಸಪಾಟು ರಸ್ತೆಯಲ್ಲಿ ಕಾರು ಹಾರುತ್ತದೆ. ಇನ್ನೊಂದನ್ನು ಹಾಕಿದರೆ ವೇಗ ಇಳಿದು ಎಳೆತ ಹೆಚ್ಚುತ್ತದೆ. ಅಣ್ಣ ವೇಗದ ಜೋಡಿಯನ್ನೇ ಎತ್ತಿಕೊಂಡ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರು ಇನ್ನೊಂದನ್ನೂ ಕೂಡಿಸಲು ಹೇಳಿದ.

ಬಾಗಿಲ ಮರೆಯಿಂದ ವೈನಿ ಅಂದಳು: “ಎಷ್ಟ ಜೋರ ಓಡತೈತಿ ಅನ್ನೂದು ಆಮ್ಯಾಲ. ಎಲ್ಲಿ ಓಡಸ್ತೀರಿ, ಅದನ್ನ ನೋಡ್ರಿ. ನಮ್ಮ ದಾರಿ ಬರೇ ಏರು, ತಿರುವು. ಆ ಗೇರಿಗೆ ಕಾಲು ಚಾಚಾಕ ಜಾಗಾನ ಇಲ್ಲ.”

ಅಣ್ಣ ಕೇಳಲಿಲ್ಲ. ಅವಳ ಮಾತು ಸುಳ್ಳಾಗಲೆಂದು ನಾನು ನಮ್ಮೂರ ತಾರಕೇಶ್ವರನಿಗೆ ತುಪ್ಪದ ದೀಪದ ಹರಕೆ ಹೊತ್ತೆ. ಸುಳ್ಳಾಗಲಿಲ್ಲ. ಏರು ಬಂದಲ್ಲೆಲ್ಲ ಎಂಜಿನ್ನು ಏದುಸಿರು ಬಿಟ್ಟಿತು. ಅಣ್ಣ ಗೇರು ಇಳಿಸುವಷ್ಟರಲ್ಲಿ ಗೆಳೆಯ ತಿರುವು ದಾಟಿರುತ್ತಿದ್ದ.

ಮುಂದಿನ ಸಲ ಪಂಥ ಬಿದ್ದಾಗ ಅಣ್ಣ ಚಕ್ರಗಳನ್ನು ಅವಳ ಮುಂದೆಯೇ ಇಟ್ಟ. ಅವಳು ಎಳೆತದ ಜೋಡಿಯನ್ನು ಆರಿಸಿದಳು. “ಕಾರ್ಬುರೇಟರು ಇರ್ಲಿ. ಉಸಿರು ಹೆಚ್ಚಾದ್ರ ಛಲೋನ,” ಎಂದಳು. ಅಣ್ಣ ಗೆದ್ದ. ಅಪ್ಪ ತಮ್ಮ ಅಡತಿ ಅಂಗಡಿಗೆ ಬಂದವರಿಗೆಲ್ಲ “ಗೇರು ನಮ್ಮ ಸೊಸಿ ಆರಿಸಿದ್ದರಿ” ಎಂದು ಹೇಳಿದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದನ್ನು ಅವರು ಒಬ್ಬರಿಗೂ ಹೇಳಿರಲಿಲ್ಲ.

ಆಮೇಲೆ ಅಣ್ಣ ಅವಳಿಗೆ ಕಾರು ಬಿಡುವುದನ್ನೂ ಕಲಿಸಿದ. ನನ್ನನ್ನು ಹಿರೇಕೆರೂರ ಕಡೆಯ ಚಿಕ್ಕೇರೂರಿಗೆ ಕೊಟ್ಟರು. ಇನ್ನು ಅವಳ ಸುದ್ದಿ ಕಿವಿಗೆ ಬೀಳದೆಂದು ನನಗೆ ಒಳಗೊಳಗೇ ಸಮಾಧಾನ. ಆದರೆ ಅತ್ತೆಯೇ ಕೇಳುತ್ತಿದ್ದರು: “ಮೋಟಾರು ಬಿಡ್ತಾಳಂತಲ್ಲ, ಆಕಿ ನಿಮ್ಮ ವೈನೀನ ಏನು?”

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಬಸುರಿಯಾದೆ. ಮಳೆಗಾಲದ ಒಂದು ಬೆಳಿಗ್ಗೆ ನೋವು ಶುರುವಾಯಿತು. ಹೊಟ್ಟೆ ಮುಟ್ಟಿ ನೋಡಿದ ಸೂಲಗಿತ್ತಿ, “ಕೂಸು ಅಡ್ಡ ಐತಿ, ನನ್ನ ಕೈಲಾಗೂದಿಲ್ಲ, ದವಾಖಾನಿಗೆ ಒಯ್ರಿ” ಎಂದಳು. ಬಸ್ಸು ಕೆಸರಿಗೆ ಹೆದರಿ ನಿಂತಿತ್ತು. ಎತ್ತಿನ ಚಕ್ಕಡಿಯಲ್ಲಿ ಅಷ್ಟು ದೂರ ಒಯ್ದರೆ ನಾನು ಉಳಿಯುತ್ತಿರಲಿಲ್ಲ. ಗಂಡ ಪಕ್ಕದೂರಿನವರ ಕುದುರೆ ಹತ್ತಿ ಹಾನಗಲ್ಲಿಗೆ ಹೋದರು. ಅಣ್ಣ ಹುಬ್ಬಳ್ಳಿಯಲ್ಲಿದ್ದ. ಪೆಟ್ರೋಲನ್ನು ಚೀಟಿಯ ಮೇಲೆ ಅಳೆದು ಕೊಡುವ ಕಾಲ. ವೈನಿ ಒಂದು ಡಬ್ಬಿ ಉಳಿಸಿಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಕೆಸರಾಗಿ ಒಬ್ಬಳೇ ಕಾರು ತಂದಳು. ನನ್ನನ್ನು ಎತ್ತಿ ಪಕ್ಕದಲ್ಲಿ ಕೂರಿಸಿದರು. ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಎರೆಮಣ್ಣಿನ ದಾರಿಯಲ್ಲಿ ಗಾಲಿ ಹೂತುಕೊಳ್ಳುತ್ತಿದ್ದವು. ವೈನಿ ಎಲ್ಲೂ ಅವಸರ ಮಾಡಲಿಲ್ಲ. ಸಣ್ಣ ಗೇರಿನಲ್ಲಿ ಕಾರು ಎತ್ತಿನ ಹಾಗೆ ಕುತ್ತಿಗೆ ಬಗ್ಗಿಸಿ ಎಳೆಯಿತು. ನೋವು ಬಂದಾಗ ನಾನು ಅವಳ ಕೈ ಗಟ್ಟಿಯಾಗಿ ಹಿಡಿದೆ.

“ಒದರಬೇಕನಿಸಿದ್ರ ಒದರು ತಂಗಿ. ಕೈ ಮಾತ್ರ ಹಿಡೀಬ್ಯಾಡ, ಗೇರು ಹಾಕಬೇಕು. ಸೀರಿ ಹಿಡ್ಕೋ,” ಎಂದಳು.

ದವಾಖಾನೆ ಮುಟ್ಟುವವರೆಗೂ ಅವಳ ಸೆರಗು ನನ್ನ ಮುಷ್ಟಿಯಲ್ಲಿತ್ತು. ನಾನು ಉಳಿದೆ. ಮಗಳೂ ಉಳಿದಳು.

ನನ್ನ ಹೊಟ್ಟೆಕಿಚ್ಚು ಆಗಲಾದರೂ ಆರಬೇಕಿತ್ತು. ಬಾಣಂತಿಯನ್ನು ನೋಡಲು ಬಂದವರೆಲ್ಲ, “ಹೆಂಗ ತಂದಳವ್ವ ಆಕಿ, ಆ ಕೆಸರಾಗ” ಎಂದು ಅವಳ ಸುತ್ತ ಕೂತರು. ನಾನು ಹೆತ್ತ ಸಂಗತಿಯನ್ನು ಯಾರೂ ಎತ್ತಲಿಲ್ಲ. ಮುಂದೆ ಮಗಳೂ ಮಾಮಿ ಮಾಮಿ ಎಂದು ಅವಳನ್ನೇ ಹಚ್ಚಿಕೊಂಡಳು. ರಜೆ ಬಂದರೆ ಹಾನಗಲ್ಲು. ನನ್ನ ಮಾತಿಗೆ ಕಿವಿಗೊಡದವಳು ಮಾಮಿಯ ಕಣ್ಸನ್ನೆಗೆ ಓಡುತ್ತಿದ್ದಳು. ವೈನಿಗೆ ಮಕ್ಕಳಿರಲಿಲ್ಲ. ಅದನ್ನು ನೆನೆದು ನನ್ನ ಮನಸ್ಸು ಮೆತ್ತಗಾಗುತ್ತಿತ್ತು. ಮಗಳು “ಮಾಮಿ ಕೂಡನ ಮಲಗ್ತೇನಿ” ಎಂದೊಡನೆ ಮತ್ತೆ ಗಟ್ಟಿಯಾಗುತ್ತಿತ್ತು.

ಯುದ್ಧ ಮುಗಿದ ಕೆಲವು ವರ್ಷಕ್ಕೆ ವಿಷಮಜ್ವರ ವೈನಿಯನ್ನು ಒಯ್ದಿತು. ಹಣೆಗೆ ವಿಭೂತಿ ಬಳಿದು, ಮಸಣಕ್ಕೆ ಒಯ್ಯುವ ಹೂವಿನ ವಿಮಾನದಲ್ಲಿ ಕೂರಿಸಿದರು. ಮಗಳು ಕಂಬ ತಬ್ಬಿಕೊಂಡು ಅಳುತ್ತಿದ್ದಳು. ಯಾರು ಕರೆದರೂ ಬರಲಿಲ್ಲ, ನಾನು ಕರೆದರೂ ಬರಲಿಲ್ಲ. ನಾನು ಹೋದ ದಿನ ಇವಳು ಹೀಗೆ ಅಳುವಳೇ ಎಂದು ಯೋಚಿಸುತ್ತ ನಿಂತೆ. ನನಗಾಗಿ ಅಳಲು ಒಬ್ಬ ಮಗಳನ್ನು ಉಳಿಸಿಕೊಟ್ಟವಳು ಎದುರಿಗೆ ವಿಮಾನದಲ್ಲಿ ಕೂತಿದ್ದಳು. ಆಗ ನನಗೂ ಅಳು ಬಂತು.