ಬಾನೆಟ್ಟಿನ ಮೇಲಿನ ಮೂರು ಗೆರೆ

ಅಪ್ಪನ ಶೆಡ್ಡಿನಲ್ಲಿ ಗಾಡಿಗಳ ಲೆಕ್ಕ ಇಡುವವಳು ನಾನು. ಯಾವ ಊರಿನಿಂದ ಬಂತು, ಯಾವ ತಿಂಗಳು ಬಂತು, ಬಂದಾಗ ಏನೇನು ಇರಲಿಲ್ಲ, ಹೈದರಾಬಾದಿನ ಹಳೇ ಕಾರುಗಳ ಹರಾಜಿಗೆ ಎಂದು ಹೋಯಿತು, ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತೇನೆ. ಶಹಾಪುರದಿಂದ ದೋರನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಹತ್ತಿ ಗಿರಣಿ ದಾಟಿದ ಮೇಲೆ ನಮ್ಮ ಶೆಡ್ಡು. ಅಪ್ಪ ಮೊದಲು ಲಾರಿಗಳ ತಗಡು ಬಡಿಯುತ್ತಿದ್ದರು. ಒಮ್ಮೆ ವಡಗೇರಾದ ಹೊಲವೊಂದರಲ್ಲಿ ಜಾಲಿಗಿಡದ ಕೆಳಗೆ ಕುಸಿದು ಕೂತಿದ್ದ ಹಳೇ ಕಾರನ್ನು ಗುಜರಿ ಬೆಲೆಗೆ ತಂದು, ರಿಪೇರಿ ಮಾಡಿ ಓಡಿಸಿದರು. ಆಮೇಲೆ ಲಾರಿಯ ಕೆಲಸ ಬಿಟ್ಟೇಬಿಟ್ಟರು. ಈಗ ಗುರುಮಠಕಲ್ಲಿನಿಂದ ಸುರಪುರದವರೆಗೆ ಯಾರ ಹಿತ್ತಲಲ್ಲಿ ಎಂಥ ಕಾರು ಧೂಳು ಹಿಡಿದು ನಿಂತಿದೆ ಎಂಬುದು ಅವರಿಗೆ ಬಾಯಿಪಾಠ.

ಅಪ್ಪನ ಪದ್ಧತಿ ಹೀಗೆ. ಬಂದ ಗಾಡಿಯ ಬಾಗಿಲಿನ ಒಳಮೈಯಲ್ಲಿ, ಬಿಸಿಲು ತಾಗದ ಕಡೆಯಿಂದ, ಉಗುರಿನಷ್ಟು ಬಣ್ಣದ ಚಕ್ಕೆ ಎಬ್ಬಿಸಿ ಡಬ್ಬಿಯಲ್ಲಿಡುತ್ತಾರೆ. ಹೊಸ ಬಣ್ಣ ಅದಕ್ಕೆ ಹೊಂದಬೇಕು. ಆಮೇಲೆ ಇಡೀ ಗಾಡಿಯನ್ನು ಬರೀ ತಗಡು ಕಾಣುವ ತನಕ ತಿಕ್ಕುತ್ತಾರೆ. ಅರೆಬರೆ ತಿಕ್ಕಿ ಮೇಲೆ ಬಣ್ಣ ಬಳಿಯುವವರನ್ನು ಕಂಡರೆ ಅವರಿಗಾಗದು. "ಮಾರಿ ತೊಳಕೊಳ್ಳದ ಪೌಡರ್ ಹಚ್ಚಿದಂಗ" ಎನ್ನುತ್ತಾರೆ.

ಸುರಪುರದ ಹಸಿರು ಗಾಡಿ ಬಂದದ್ದು ಮಾಘ ಮಾಸದಲ್ಲಿ. ಹೆಸರುಕಾಳಿನ ಬಣ್ಣ, ಗುಂಡು ಬೆನ್ನು. ಹತ್ತಿ ವ್ಯಾಪಾರ ಮಾಡುತ್ತಿದ್ದ ಲಿಂಗಾಯತರೊಬ್ಬರ ಗಾಡಿ ಅದು. ಅವರು ತೀರಿಕೊಂಡು ವರ್ಷಗಳಾಗಿದ್ದವು. ಹಿತ್ತಲ ಕಡೆಯ ರಸ್ತೆ ಅಗಲ ಮಾಡಲು ಗಾಡಿಖಾನೆ ಕೆಡವುವವರಿದ್ದರು. ಗಾಡಿ ನಿಲ್ಲಿಸಲು ಬೇರೆ ಜಾಗವಿಲ್ಲದೆ ಮನೆಯವರು ಅದನ್ನು ಅಪ್ಪನಿಗೆ ಮಾರಲು ಒಪ್ಪಿದ್ದರು. ನಾವು ಹೋದಾಗ ಅವರ ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಬ್ಯಾರೆಯವರ ಮನಿಗಿ ಹೊಂಟದ, ಹೊಲಸಾಗಿ ಹೋಗಬಾರ್ದು," ಎಂದರು ಅಪ್ಪನಿಗೆ. "ಮದಲಗಿತ್ತಿ ಆದಂಗ ಆಗಬೇಕು ನೋಡು ತಮ್ಮಾ."

"ಆಗ್ತದ ಬಿಡ್ರಿ ಅಮ್ಮಾರ. ನಿಮಗs ಗುರ್ತು ಸಿಗಬಾರ್ದು, ಹಂಗ ಮಾಡ್ತೀನಿ."

"ಕಳಸೂ ಮೊದಲ ನನ್ನ ಕರಿ. ಒಮ್ಮೆ ಕೈಯಾಡಿಸಿ ಬಿಡ್ತೀನಿ. ಮತ್ತೇನೂ ಬ್ಯಾಡ ನನಗ."

"ನಿಮ್ಮನ್ನ ಕರೀಲಾರದ ಗಾಡಿ ಗೇಟ್ ದಾಟಂಗಿಲ್ರಿ."

ಶೆಡ್ಡಿಗೆ ತಂದು ಧೂಳು ತೊಳೆದಾಗ ಬಾನೆಟ್ಟಿನ ನಡುವೆ ಮೂರು ಮಾಸಲು ಗೆರೆಗಳು ಕಂಡವು. ಬಣ್ಣ ಅಲ್ಲಿ ತುಸು ತಗ್ಗಾಗಿ, ಒರಟಾಗಿತ್ತು.

"ಇವೇನಪ್ಪಾ?" ಎಂದೆ.

"ಕೋಳಿ ಕೆದರ್ಯಾವ. ದಿನಾ ಬಾನೆಟ್ ಮ್ಯಾಲೆ ಹತ್ತಿ ಹಾಜರಿ ಹಾಕಿರ್ತಾವ." ಇಬ್ಬರೂ ನಕ್ಕೆವು. ಮಧ್ಯಾಹ್ನದ ಊಟಕ್ಕೆ ಮುಂಚೆ ಬಾನೆಟ್ಟು ಬರೀ ತಗಡಾಯಿತು.

ಅಪ್ಪ ಅಷ್ಟು ಮನಸ್ಸಿಟ್ಟು ಮಾಡಿದ ಇನ್ನೊಂದು ಕೆಲಸವನ್ನು ನಾನು ನೋಡಿಲ್ಲ. ಬಣ್ಣ ಚಕ್ಕೆಗೆ ಹೊಂದಲಿಲ್ಲವೆಂದು ಎರಡು ಸಲ ಕಲಸಿದ್ದನ್ನು ಚೆಲ್ಲಿದರು. ಯುಗಾದಿ ಕಳೆದ ಮೇಲೆ ಗಾಡಿ ಬಿಸಿಲಿಗೆ ಬಂದಾಗ ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು. ಮರುದಿನವೇ ಸುರಪುರದ ಅಮ್ಮನವರಿಗೆ ಹೇಳಿ ಕಳಿಸಿದರು.

ಅವರ ಮಗ ಕರೆದುಕೊಂಡು ಬಂದ. ಚಹಾ ಕುಡಿದರು. ಗಾಡಿ ಕಳಿಸುವ ಮುಂಚೆ ಹಳೇ ಮನೆಯವರಿಂದ ಹಾರ್ನ್ ಹೊಡೆಸುವುದು ಅಪ್ಪನ ರೂಢಿ; ಅಮ್ಮನವರಿಂದಲೂ ಹೊಡೆಸಿದರು. ಅದರ ಸದ್ದಿಗೆ ಅಮ್ಮನವರು ನಕ್ಕರು. ಆಮೇಲೆ ಬಾನೆಟ್ಟಿನ ಮೇಲೆ ಕೈ ಇಟ್ಟು ನಡುವಿಗೆ ತಂದರು. ಕೈ ಅಲ್ಲಿ ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಗಾಡಿಯನ್ನು ಸುತ್ತಿ ಆಚೆ ಬದಿಯಿಂದಲೂ ಸವರಿ ನೋಡಿದರು.

"ತಮ್ಮಾ, ಇದು ನಮ್ಮ ಗಾಡಿನs ಹೌದಿಲ್ಲೋ?"

"ನಿಮ್ದs ರೀ ಅಮ್ಮಾರ. ನಂಬರ್ ಓದಿ ಹೇಳ್ಲೇನ್ರಿ?"

"ನಂಬರ್ ತಗೊಂಡು ನಾ ಏನ್ ಮಾಡ್ಲಿ. ಇಲ್ಲಿ ಅವರ ಬೆರಳಿದ್ದವು."

ಮಗ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದ. ಪ್ರತಿವರ್ಷ ದಸರೆಯ ಖಂಡೇ ಪೂಜೆಗೆ ಅವನ ತಂದೆ ವಿಭೂತಿ ನೆನೆಸಿ ಮೂರು ಬೆರಳಿನಿಂದ ಬಾನೆಟ್ಟಿನ ಮೇಲೆ ಎಳೆಯುತ್ತಿದ್ದರಂತೆ. ಅದನ್ನು ಒರೆಸಲು ಯಾರಿಗೂ ಬಿಡುತ್ತಿರಲಿಲ್ಲವಂತೆ. ವರ್ಷವರ್ಷವೂ ಅದೇ ಜಾಗ. ಬೂದಿ, ನೀರು, ಬಿಸಿಲು ಸೇರಿ ಬಣ್ಣವನ್ನು ತಿಂದಿದ್ದವು. "ಅಪ್ಪ ಹೋದ ಮ್ಯಾಲೆ ಅವ್ವ ಹಿತ್ತಲಕ ಹೋದಾಗೊಮ್ಮೆ ಆ ಗೀರಿನ್ಯಾಗ ಬೆರಳಿಟ್ಟು ಬರ್ತಿದ್ಲರಿ," ಎಂದ.

ಅಪ್ಪ ಒಳಗೆ ಹೋಗಿ ದೇವರ ಪಟದ ಮುಂದಿದ್ದ ವಿಭೂತಿ ತಂದು, ನೀರಲ್ಲಿ ತೊಯಿಸಿ, ಅವರ ಮುಂದೆ ಹಿಡಿದರು. "ನೀವs ಎಳೀರಿ ಅಮ್ಮಾರ."

ಅವರು ಬೆರಳುಗಳನ್ನು ಅದ್ದಿದರು. ಬಾನೆಟ್ಟಿನ ಹತ್ತಿರ ಒಯ್ದು ನಿಲ್ಲಿಸಿದರು. ವಿಭೂತಿಯ ನೀರು ಮುಂಗೈಗೆ ಇಳಿಯಿತು.

"ಬ್ಯಾಡ ತಮ್ಮಾ. ನನ್ನ ಬೆರಳು ಸಣ್ಣವು," ಎಂದು ಸೆರಗಿಗೆ ಕೈ ಒರೆಸಿಕೊಂಡರು. ಹೊರಡುವಾಗ ಅಪ್ಪನ ತೋಳು ಹಿಡಿದು, "ಹೊಲಸು ತೆಗಿ ಅಂತ ನಾನs ಅಂದಿದ್ದೆ. ನಿಂದೇನದ ಅದರಾಗ," ಎಂದರು.

ಮರುದಿನ ಗಾಡಿಯನ್ನು ಲಾರಿಗೆ ಏರಿಸಿ ಹೈದರಾಬಾದಿಗೆ ಹೊರಟೆವು. ಯಾದಗಿರಿ ಹತ್ತಿರ ಭೀಮಾ ಸೇತುವೆ ದಾಟಿದ ಮೇಲೆ ಅಪ್ಪ, "ಲಿಂಗಾಯತರ ಮನ್ಯಾಗ ಕೋಳಿ ಎಲ್ಲಿಂದ ಬರ್ತಾವ, ಮಗಳ?" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ಹರಾಜಿನಲ್ಲಿ ಆ ಗಾಡಿಗೆ ಅಪ್ಪ ಎಣಿಸಿದ್ದಕ್ಕಿಂತ ಹೆಚ್ಚು ಬೆಲೆ ಬಂತು. ಕೊಂಡವರು ಬಾನೆಟ್ಟಿನ ಮೇಲೆ ಅಂಗೈ ಜಾರಿಸಿ, "ಒಂದು ಗೀರೂ ಇಲ್ಲ" ಎಂದು ಹೊಗಳಿದರು. ಅಪ್ಪ ಕೈಮುಗಿದು ಹೊರಗೆ ಬಂದುಬಿಟ್ಟರು.

ಊರಿಗೆ ಬಂದವರೇ ಚಕ್ಕೆಗಳ ಡಬ್ಬಿ ನೆಲಕ್ಕೆ ಸುರುವಿದರು. ಹಸಿರು ಚಕ್ಕೆ ಸಿಕ್ಕಿತು. ಮಾರನೇ ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸುರಪುರದ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಗಾಡಿಖಾನೆಯ ಜಾಗದಲ್ಲಿ ಕೆಡವಿದ ಗೋಡೆಯ ಇಟ್ಟಂಗಿಯ ರಾಶಿ ಇತ್ತು. ಅಮ್ಮನವರು ಪಡಸಾಲೆಯಲ್ಲಿ ತೊಗರಿ ಆರಿಸುವವರ ಪಕ್ಕ ಸುಮ್ಮನೆ ಕೂತಿದ್ದರು.

"ನಿಮ್ಮ ಗಾಡೀದು ಇಷ್ಟs ಉಳದದರಿ," ಎಂದು ಅಪ್ಪ ಚಕ್ಕೆಯನ್ನು ಅವರ ಅಂಗೈಯಲ್ಲಿಟ್ಟರು.

ಅವರು ಅದನ್ನು ಹೆಬ್ಬೆರಳಿನಿಂದ ಒಂದು ಬದಿ ಸವರಿದರು. ತಿರುಗಿಸಿ ಇನ್ನೊಂದು ಬದಿಯನ್ನೂ ಸವರಿದರು.

"ಇದು ಬಾನೆಟ್ಟಿಂದು ಅಲ್ಲ."

"ಅಲ್ರಿ. ಬಾಗಲದ್ದು."

ತುಸು ಹೊತ್ತು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಅಪ್ಪನ ಕೈಯನ್ನು ತಡವಿ ಹುಡುಕಿ, ಅದರೊಳಗೆ ಚಕ್ಕೆಯನ್ನು ವಾಪಸ್ಸಿಟ್ಟರು.

"ನಿನ್ನ ಹತ್ರನs ಇರ್ಲಿ. ನಾಳಿಗಿ ಗಾಡಿಗಿ ಎಲ್ಲ್ಯಾರ ಪೆಟ್ಟು ಬಿದ್ರ ಕೊಂಡವ್ರು ನಿನ್ನ ಕಡೀನs ಬರ್ತಾರ. ಬಣ್ಣ ಹೊಂದಸಾಕ ಬೇಕಾಗ್ತದ."

ಬಸ್ಸಿನಲ್ಲಿ ಶಹಾಪುರ ಬರುವವರೆಗೂ ಅಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.